ನೆತ್ತಿಯ ಮೇಲಿನ ಹುಲ್ಲು

ಬಚ್ಚಲ ಗೋಡೆಯ ಬುಡಕ್ಕೆ ಎರಡನೆಯ ಕೈ ಮಣ್ಣು ಮೆತ್ತಿ, ಜಡೆಮ್ಮ ಒದ್ದೆ ಅಂಗೈಯಿಂದ ನೀವುತ್ತಿದ್ದಳು. ಕೆಮ್ಮಣ್ಣಿಗೆ ಜೋಳದ ಹೊಟ್ಟು ಸೇರಿಸಿ ಎರಡು ದಿನ ಕೊಳೆಹಾಕಿದ್ದರಿಂದ ಮಣ್ಣು ಹದಕ್ಕೆ ಬಂದಿತ್ತು. ಕೈಯನ್ನು ಬಿಟ್ಟು ಗೋಡೆಯನ್ನು ಹಿಡಿಯುತ್ತಿತ್ತು. ಗೋಡೆಯ ಮೇಲ್ಭಾಗಕ್ಕೆ ಏನೂ ಆಗಿರಲಿಲ್ಲ. ದಿನಾ ಮೈ ತೊಳೆದ ನೀರು ಸಿಡಿದು ಬುಡ ಮಾತ್ರ ಮುಷ್ಟಿ ಹಿಡಿಸುವಷ್ಟು ಒಳಕ್ಕೆ ಹೋಗಿತ್ತು. ಐದು ವರ್ಷದ ಮಗಳು ಊರಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ಉಂಡೆ ಮೆತ್ತುವುದು, ಅದು ಬೀಳುವುದು, ಮತ್ತೆ ಮೆತ್ತುವುದು, ಹೀಗೆ ನಡೆಸಿದ್ದಳು.

"ಜಡೆವ್ವಾ! ಏ ಜಡೆವ್ವಾ! ನಿನ್ನ ತಮ್ಮನ ಕಾರ್ಡ್ ಬಂದೈತಿ ನೋಡಬೇ!"

ಪಕ್ಕದ ಮನೆಯ ಹುಲುಗಮ್ಮ ಓಣಿಯ ತುದಿಯಿಂದಲೇ ಕೂಗುತ್ತ ಬಂದಳು. ಕಾರ್ಡನ್ನು ಬೀಸಣಿಗೆಯಂತೆ ಆಡಿಸುತ್ತಿದ್ದಳು.

"ಟಪಾಲಿನವ ಅಗಸಿ ಕಟ್ಟಿ ಹತ್ರ ಸಿಕ್ಕ, ಇಸ್ಕೊಂಡು ಬಂದೆ. ನಾ ಓದೀನಿ ಅನ್ಕಬ್ಯಾಡ. ನನಗೆಲ್ಲಿ ಬರ್ತೈತಿ ಓದು? ಅವನೇ ಓದಿದ. ನಾ ಬರೇ ಕೇಳೀನಿ."

"ಇನ್ನ ಯಾರ್ಯಾರು ಕೇಳಿದ್ರು?"

"ಕಟ್ಟಿ ಮ್ಯಾಲೆ ಕುಂತೋರು. ಆರೇಳು ಮಂದಿ ಇರಬೌದು. ಪಾಪ, ಎಲ್ಲಾರೂ ಹಳಹಳಿಸಿದ್ರು."

ಜಡೆಮ್ಮ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಕಾರ್ಡು ತೆಗೆದುಕೊಂಡು ಬೆಳಕಿದ್ದ ಹೊಸ್ತಿಲ ಬಳಿಗೆ ಹೋಗಿ ಕೂತಳು. ಹಿಂದಿನ ಮೂರು ಕಾರ್ಡುಗಳನ್ನು ಅವಳಿಗೆ ಓದಿ ಹೇಳಿದವರು ಉಜ್ಜಿನಪ್ಪ ಮೇಷ್ಟ್ರು. ಈ ನಾಲ್ಕನೆಯದನ್ನು ಅವಳೇ ಓದಿದಳು, ಒಂದೊಂದೇ ಅಕ್ಷರಕ್ಕೆ ಬೆರಳು ಊರಿ. ಹುಲುಗಮ್ಮ ಅವಳ ತುಟಿಯನ್ನೇ ನೋಡುತ್ತ ನಿಂತಳು.

"ಟಪಾಲಿನವ ಅಂದಂಗ ಐತೋ, ಇಲ್ಲ ಬ್ಯಾರೆ ಐತೋ?"

"ಸುಮ್ಕಿರಬೇ ಒಂದೀಟು."

ಕಾರ್ಡಿನಲ್ಲಿ ಹೀಗಿತ್ತು: 'ತಾಯಿಯ ಸಮಾನಳಾದ ಅಕ್ಕನ ಪಾದಕ್ಕೆ ಓಬಳೇಶನ ನಮಸ್ಕಾರ. ದೋಣಿ ನಿಲ್ಲಿಸುವ ಧಕ್ಕೆಯ ಕಲ್ಲುಕೆಲಸ ಮುಗಿಯಿತು. ಶಿವರಾತ್ರಿ ಮಾರನೇ ದಿನ ನಮ್ಮ ತಂಡ ಹಡಗಿನಲ್ಲಿ ಬಡಗಲ ಕಡೆಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಎಂದು ನನಗೆ ತಿಳಿಯದು. ಕಡಲಿನ ಕಂಬಗಳ ಸಂಗತಿ ಬರೆದಿದ್ದೆನಲ್ಲ, ಅದರಲ್ಲಿ ಒಂದು ಹೋದ ಮಳೆಗಾಲದಲ್ಲಿ ಬಿತ್ತು. ಇಲ್ಲಿನವರು ಯಾರನ್ನೂ ಬಯ್ಯಲಿಲ್ಲ. ಬುಡ ಸವೆದಿತ್ತು ಅಂದರು, ಬಲೆ ಹೊತ್ತುಕೊಂಡು ಹೋದರು. ನಿನಗೆ ಮೂರು ಕಾಗದ ಹಾಕಿದೆ, ಒಂದಕ್ಕೂ ಉತ್ತರ ಕಾಣಲಿಲ್ಲ. ನಮ್ಮ ಕಾಲುವೆಯ ಕಂಬವನ್ನು ನಾನೇ ಕೆಡವಿದೆನೆಂದು ನೀನೂ ನಂಬಿದ್ದರೆ ಇದಕ್ಕೂ ಬರೆಯಬೇಡ. ನಾನು ತಿಳಿದುಕೊಳ್ಳುತ್ತೇನೆ. ಮತ್ತೆ ತೊಂದರೆ ಕೊಡುವುದಿಲ್ಲ.'

"ಶಿವರಾತ್ರಿಗೆ ಎಷ್ಟು ದಿನ ಉಳಿದಾವಬೇ?" ಎಂದಳು ಜಡೆಮ್ಮ.

"ಹನ್ನೊಂದು. ಬರದು ಹಾಕು, ಪಾಪ. ಕೆಡವಿದ್ರ ಕೆಡವಿದ, ಯಾವ ಕಾಲದ ಮಾತು ಅದು."

"ಅವ ಕೆಡವಿಲ್ಲ."

"ಒಡಹುಟ್ಟಿದೋರು ಎಲ್ಲಾರೂ ಹಂಗೇ ಅಂತಾರವ್ವ," ಎಂದು ಹುಲುಗಮ್ಮ ತನ್ನ ಒಲೆಯ ನೆನಪಾಗಿ ಹೊರಟುಹೋದಳು.

ಜಡೆಮ್ಮ ಹೇಳಿದ್ದು ಅಕ್ಕರೆಯ ಮಾತಲ್ಲ. ಅವನು ಕೆಡವಿಲ್ಲ ಎಂಬುದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಓಬಳೇಶ. ಇನ್ನೊಬ್ಬಳು ಅವಳೇ. ಯಾರು ಕೆಡವಿದರು ಎಂಬುದು ಮಾತ್ರ ಅವಳೊಬ್ಬಳಿಗೇ ಗೊತ್ತಿತ್ತು.

ನಡೆದದ್ದು ಇಷ್ಟು. ತುಂಗಭದ್ರೆಗೆ ಅಣೆಕಟ್ಟು ಕಟ್ಟತೊಡಗಿ, ಕುರುಗೋಡಿನ ಹೊಲಗಳ ನಡುವೆ ಕಾಲುವೆ ಅಗೆಯುವ ಕೆಲಸ ಬಂದಿತ್ತು. ಆಗ ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆ. ಗಾದೆಪ್ಪ ಮೇಸ್ತ್ರಿಯ ಗುಂಪಿನಲ್ಲಿ ಎಂಟು ಮನೆಯವರು. ಜಡೆಮ್ಮನ ಗಂಡ ಎರ್ರಣ್ಣ ಸಲಿಕೆ ಹಿಡಿದರೆ, ತಮ್ಮ ಓಬಳೇಶ ಗುದ್ದಲಿ ಹಿಡಿಯುತ್ತಿದ್ದ, ಅವಳು ಬುಟ್ಟಿ ಹೊರುತ್ತಿದ್ದಳು.

ಮಣ್ಣು ಅಗೆಯುವವರಲ್ಲಿ ಒಂದು ಕಟ್ಟುನಿಟ್ಟು ಉಂಟು. ನೆಲವನ್ನೆಲ್ಲ ಅಗೆದರೂ ನಡುವೆ ಅಲ್ಲಲ್ಲಿ ಒಂದೊಂದು ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಡಬೇಕು. ಅದಕ್ಕೆ ಸಾಕ್ಷಿಕಂಬ ಎನ್ನುತ್ತಾರೆ. ಸುತ್ತ ಆಳುದ್ದ ಮಣ್ಣು ಹೋಗಿರುತ್ತದೆ, ಕಂಬ ಒಂಟಿಯಾಗಿ ನಿಂತಿರುತ್ತದೆ. ಅಳತೆಯ ಸಾಹೇಬರು ಬಂದು ಕಂಬದ ನೆತ್ತಿಯಿಂದ ಬುಡದವರೆಗೆ ಟೇಪು ಬಿಟ್ಟು, ಎಷ್ಟು ಆಳ ಅಗೆದಿದ್ದಾರೆಂದು ಬರೆದುಕೊಳ್ಳುತ್ತಾರೆ, ಕೂಲಿ ಆ ಅಳತೆಯ ಮೇಲೆ. ನೆತ್ತಿಯ ಮೇಲೆ ಮೊದಲಿದ್ದ ಹುಲ್ಲು ಹಾಗೇ ಇರಬೇಕು. ಹುಲ್ಲಿದ್ದರೆ ಅದು ಹಳೆಯ ನೆಲ, ಮೇಲೆ ಮಣ್ಣು ಏರಿಸಿ ಮೋಸ ಮಾಡಿಲ್ಲ ಎಂದು ಅರ್ಥ. ಆ ಹುಲ್ಲಿನ ಮೇಲೆ ಕೈಯಿಟ್ಟು ಗುಂಪಿನವರು ಆಣೆ ಮಾಡುವುದೂ ಇತ್ತು. ಸಾಕ್ಷಿಕಂಬ ಕೆಡವುವುದೆಂದರೆ ಎಂಟು ಮನೆಯವರ ಬೆವರನ್ನು ಅಳಿಸಿಹಾಕಿದ ಹಾಗೆ.

ಆ ಬಯಲಿನಲ್ಲಿ ಒಂದು ಗಿಡವಿರಲಿಲ್ಲ. ಕುರುಗೋಡಿನ ಗುಡ್ಡದ ಬಂಡೆಗಳು ಬೆಳಗ್ಗೆಯೇ ಕಾದು, ಬೀಸುವ ಗಾಳಿಯೂ ಸುಡುತ್ತಿತ್ತು. ನೆರಳೆಂದರೆ ಆ ಕಂಬದ್ದು ಒಂದೇ. ಊರಮ್ಮ ಆಗ ನಾಲ್ಕು ತಿಂಗಳ ಕೂಸು. ಜಡೆಮ್ಮ ಕೂಸನ್ನು ಕಂಬದ ಬುಡದಲ್ಲಿ ಮಲಗಿಸಿದಳು. ನೆರಳು ಸಾಲಲಿಲ್ಲ. ಒಡೆದ ಗಡಿಗೆಯ ಬೋಕಿಯಿಂದ ಬುಡವನ್ನು ಒಂದಿಷ್ಟು ಕೆರೆದಳು. ಒಳಗೆ ತಣ್ಣನೆಯ ಹಸಿ ಮಣ್ಣು ಸಿಕ್ಕಿತು. ಕೂಸಿನ ತಲೆ ಹಿಡಿಸುವಷ್ಟು ಗೂಡಾಯಿತು. ಮಧ್ಯಾಹ್ನ ತಿರುಗಿದ ಮೇಲೆ ನೆರಳು ಆಚೆ ಕಡೆಗೆ ಹೋಯಿತು. ಆ ಕಡೆಯೂ ಕೆರೆದಳು. ಮಾರನೆಯ ದಿನ ನೀರಿನ ಗಡಿಗೆಗೂ ಜಾಗ ಮಾಡಿದಳು. ಹೀಗೆ ಎಂಟು ದಿನ, ಬೆಳಗ್ಗೆ ಪಡುವಲಿಂದ, ಮಧ್ಯಾಹ್ನ ಮೂಡಲಿಂದ. ಮೇಲೆ ಕಂಬ ದಪ್ಪಗೆ, ಹುಲ್ಲು ಹೊತ್ತುಕೊಂಡು, ಏನೂ ಆಗಿಲ್ಲ ಎನ್ನುವ ಹಾಗೆ ನಿಂತಿತ್ತು.

ಎಂಟನೆಯ ದಿನ ಸಂಜೆ ಗಾದೆಪ್ಪನಿಗೂ ಓಬಳೇಶನಿಗೂ ಮಾತು ಬೆಳೆಯಿತು. ಮೇಸ್ತ್ರಿ ಗಟ್ಟಿ ನೆಲವನ್ನೆಲ್ಲ ತನ್ನ ಗುದ್ದಲಿಗೇ ಹಚ್ಚುತ್ತಾನೆ ಎಂಬುದು ಓಬಳೇಶನ ಸಿಟ್ಟು. "ಹಿಂಗೇ ಮಾಡ್ತಿರು ಮೇಸ್ತ್ರಿ, ನಿನ್ನ ಕಂಬಾನ ಮೊದಲು ಕೆಡವ್ತೀನಿ," ಎಂದುಬಿಟ್ಟ. ಬಾಯಿಗೆ ಬಂದ ಮಾತು. ಬೆಳಗ್ಗೆ ಎಲ್ಲರೂ ಬಂದು ನೋಡಿದರೆ ಕಂಬ ಅಡ್ಡ ಬಿದ್ದಿತ್ತು, ಹುಲ್ಲಿನ ನೆತ್ತಿ ಚೂರುಚೂರಾಗಿತ್ತು. ಅವತ್ತೇ ಅಳತೆಯ ದಿನ. ಸಾಹೇಬರು ಕಣ್ಣಂದಾಜಿನಲ್ಲಿ ಬರೆದುಕೊಂಡರು. ಕಣ್ಣಂದಾಜು ಎಂದೂ ಆಳ ನೋಡುವುದಿಲ್ಲ.

"ಆಣಿ ಮಾಡ್ತೀನಿ, ನಾ ಮುಟ್ಟಿಲ್ಲ," ಎಂದ ಓಬಳೇಶ.

"ಎದರ ಮ್ಯಾಲೆ ಮಾಡ್ತಿಯಲೇ ಆಣಿ?" ಎಂದ ಗಾದೆಪ್ಪ. "ಆಣಿ ಮಾಡೋ ಕಂಬಾನೇ ಮಲಗಿಸೀಯಲ್ಲ!"

ಜಡೆಮ್ಮನ ಎದೆಗೆ ಕೂಸು ಕಚ್ಚಿಕೊಂಡಿತ್ತು. ಬಿದ್ದ ಹೆಂಟೆಯೊಂದರಲ್ಲಿ ಅವಳ ಗಡಿಗೆಯ ದುಂಡನೆಯ ಗುರುತು ಹಾಗೇ ಇತ್ತು. ಅದು ಅವಳಿಗೆ ಕಂಡಿತು. ಹೇಳಿದರೆ ಇಡೀ ಮನೆಯನ್ನೇ ಗುಂಪಿನಿಂದ ಹೊರಗೆ ಹಾಕುತ್ತಾರೆ, ಕೂಸು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ನಾಳೆ ಹೇಳೋಣ, ಸಿಟ್ಟು ಇಳಿಯಲಿ. ಹೀಗೆ ಯೋಚಿಸುತ್ತಲೇ ಆ ಹೆಂಟೆಯ ಮೇಲೆ ಕಾಲಿಟ್ಟು ತುಳಿದು ಪುಡಿ ಮಾಡಿದಳು. ಮರುದಿನ ಬೆಳಗ್ಗೆ ಓಬಳೇಶನ ಗುದ್ದಲಿ ಮನೆಯ ಮೂಲೆಯಲ್ಲಿತ್ತು. ಅವನು ಇರಲಿಲ್ಲ. ಸಾಕ್ಷಿ ಕೆಡವಿದವ ಎಂಬ ಹೆಸರು ಹೊತ್ತವನಿಗೆ ಈ ಸೀಮೆಯ ಯಾವ ಗುಂಪೂ ಕೆಲಸ ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಒಂದೂವರೆ ವರ್ಷಕ್ಕೆ ಮೊದಲ ಕಾರ್ಡು ಬಂತು. ಕುಮಟೆಯ ಹತ್ತಿರ ಕಡಲ ದಂಡೆಯಲ್ಲಿ ಕಲ್ಲುಕೆಲಸಕ್ಕೆ ಸೇರಿದ್ದೇನೆ, ಮೀನಿನ ವಾಸನೆಗೆ ಮೊದಮೊದಲು ಊಟ ಸೇರುತ್ತಿರಲಿಲ್ಲ, ಈಗ ಅದಿಲ್ಲದಿದ್ದರೆ ಸೇರುವುದಿಲ್ಲ ಎಂದು ಬರೆದಿದ್ದ. ಉಜ್ಜಿನಪ್ಪ ಮೇಷ್ಟ್ರು ಓದಿ ಮುಗಿಸಿ, ಮಸಿಕುಡಿಕೆಯ ಮುಚ್ಚಳ ತೆಗೆದು, "ಹೇಳವ್ವಾ, ಉತ್ತರ ಏನು ಬರೀಲಿ?" ಎಂದರು.

ಜಡೆಮ್ಮ ಗೋಡೆ ನೋಡಿದಳು. ಎಲ್ಲರೂ ಕ್ಷೇಮ ಎಂದು ಬರೆಸಬಹುದಿತ್ತು. ಆದರೆ ಬರೆಯಬೇಕಾದ ಮಾತನ್ನು ಬಿಟ್ಟು ಬೇರೆ ಮಾತು ಬರೆಸಿದರೆ, ಆ ಮಾತನ್ನು ಇನ್ನೊಮ್ಮೆ ತುಳಿದು ಪುಡಿ ಮಾಡಿದ ಹಾಗೆ. ಬರೆಸೋಣ ಎಂದರೆ ಮೇಷ್ಟ್ರ ಮುಂದೆ ಹೇಗೆ ಹೇಳುವುದು?

"ಇವತ್ತು ಬ್ಯಾಡ್ರಿ ಮೇಷ್ಟ್ರೆ. ಇನ್ನೊಂದಿನ ಬರ್ತೀನಿ," ಎಂದು ಎದ್ದುಬಂದಳು.

ಎರಡನೆಯ ಕಾರ್ಡಿನಲ್ಲಿ ಕಂಬಗಳ ಸಂಗತಿ ಇತ್ತು. 'ಅಕ್ಕ, ಇಲ್ಲಿ ಕಡಲ ನೀರಿನೊಳಗೆ ಮೂರು ಕಲ್ಲಿನ ಕಂಬ ನಿಂತಿವೆ. ಒಂದೊಂದೂ ನಮ್ಮೂರಿನ ಗುಡಿಗಿಂತ ಎತ್ತರ. ನಾನು ನೋಡಿದ ಕೂಡಲೆ ನಮ್ಮ ಕಾಲುವೆಯ ಸಾಕ್ಷಿಕಂಬವೇ ಅಂದುಕೊಂಡೆ. ನೆತ್ತಿಯ ಮೇಲೆ ಹುಲ್ಲಿದೆ. ದಂಡೆಯ ಗುಡ್ಡದ ಮೇಲಿರುವುದೂ ಅದೇ ಹುಲ್ಲು. ಅಂದರೆ ಗುಡ್ಡ ಒಂದು ಕಾಲಕ್ಕೆ ಅಲ್ಲಿಯ ತನಕ ಇತ್ತು, ಉಳಿದದ್ದೆಲ್ಲ ಹೋಗಿದೆ.'

ಜಡೆಮ್ಮನಿಗೆ ಬೆರಗಾಯಿತು. "ಅಷ್ಟು ಕಲ್ಲು ಅಗೆದ ಮೇಸ್ತ್ರಿ ಯಾರ್ರೀ ಮೇಷ್ಟ್ರೆ? ಅಳತಿ ಆದಮ್ಯಾಲೆ ಕಂಬ ತಗೀಬೇಕಲ್ಲ. ಯಾಕ ಬಿಟ್ರು?"

ಮೇಷ್ಟ್ರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಸ್ತ್ರಿನೂ ಇಲ್ಲ, ಅಳತಿನೂ ಇಲ್ಲವ್ವ. ಅದೆಲ್ಲ ತೆರಿ ಕೆಲಸ. ಕಡಲ ನೀರು ಸುಮ್ನಿರಂಗಿಲ್ಲ, ಹಗಲು ರಾತ್ರಿ ದಂಡಿಗಿ ಬಡೀತಾನೇ ಇರ್ತೈತಿ." ಅವರು ಸ್ಲೇಟು ತೆಗೆದುಕೊಂಡು, ಕಡಲೊಳಗೆ ಮೂಗಿನ ಹಾಗೆ ಚಾಚಿದ ಒಂದು ಗುಡ್ಡ ಬರೆದರು. "ನೋಡು, ಈ ಮಗ್ಗಲಿಂದ ತೆರಿ ಬಡೀತೈತಿ, ಆ ಮಗ್ಗಲಿಂದನೂ ಬಡೀತೈತಿ. ಬಡಿಯೋದು ನೆತ್ತಿಗಲ್ಲ, ಬುಡಕ್ಕ. ಎರಡೂ ಕಡಿಗಿ ಗವಿ ಬೀಳ್ತಾವು. ಒಂದಿನ ಎರಡೂ ಗವಿ ಕೂಡಿ ತೂತಾಗ್ತೈತಿ, ಬಾಗಿಲಿದ್ದಂಗ. ಆಮ್ಯಾಲೆ ಬಾಗಿಲ ಮ್ಯಾಲಿನ ಚಾವಣಿ ಕುಸೀತೈತಿ. ಆಚಿ ತುದಿ ಒಂದೇ ಉಳೀತೈತಿ, ಕಂಬ ಆಗಿ."

"ಆ ಕಂಬ?"

"ಅದರ ಬುಡಾನೂ ಬಿಡಂಗಿಲ್ಲ ನೀರು. ಒಂದಲ್ಲ ಒಂದಿನ ಅದೂ ಬೀಳ್ತೈತಿ."

ಜಡೆಮ್ಮ ಸ್ಲೇಟನ್ನೇ ನೋಡುತ್ತ ಕೂತಳು. ಮೇಷ್ಟ್ರು ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಹೊರಟರು.

"ತಿಳೀತ್ರಿ," ಎಂದಳು. "ಮುಂಜಾನಿ ಒಂದು ಕಡಿ, ಮಧ್ಯಾಹ್ನ ಒಂದು ಕಡಿ."

ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ. "ಉತ್ತರ ಬರೀಲೇನವ್ವ?" ಎಂದು ಕೇಳಿದರು.

"ಬ್ಯಾಡ್ರಿ. ನೀವು ಛತ್ರದಾಗ ದೊಡ್ಡೋರಿಗೆ ಸಾಲಿ ನಡಸ್ತೀರಂತಲ್ಲ, ಅದಕ್ಕ ಹೆಣಮಕ್ಕಳು ಬರಬೌದೇನ್ರಿ?"

ಹಾಗೆ ಅವಳು ಸಂಜೆಯ ಸಾಲೆಗೆ ಸೇರಿದಳು. ಓಣಿಯವರು ಆಡಿಕೊಂಡರು. "ಜಡೆವ್ವ ಕಲೆಕ್ಟರ್ ಆಗ್ತಾಳ, ಬುಟ್ಟಿ ಹೊರಾಕ ಇನ್ನ ನಾವೇ," ಎಂದು ಹುಲುಗಮ್ಮ ದಿನಾ ಒಂದು ಸಲವಾದರೂ ಹೇಳುತ್ತಿದ್ದಳು. ಬುಟ್ಟಿ ಹೊತ್ತು ಬಂದ ಕೈಗೆ ಬಳಪ ಹಗುರವಾಗಿ ಜಾರುತ್ತಿತ್ತು. ಅಕ್ಷರ ಕೂಡಿಸಿ ಓದಲು ಒಂದು ವರ್ಷ, ಬರೆಯಲು ಇನ್ನೊಂದು ವರ್ಷ ಹಿಡಿಯಿತು. ನಡುವೆ ಬಂದ ಮೂರನೆಯ ಕಾರ್ಡಿನಲ್ಲಿ ಅವನು, ನೀರು ಇಳಿದಾಗ ಕಂಬದ ಬುಡಕ್ಕೆ ನಡೆದುಕೊಂಡು ಹೋಗಿದ್ದೆ, ಒನಕೆಯ ನಡುವಿನ ಹಾಗೆ ಸಣ್ಣಗಾಗಿದೆ, ಮುಟ್ಟಲು ಭಯವಾಯಿತು ಎಂದು ಬರೆದಿದ್ದ. ಅಂದಿಗೂ ಅವಳಿಗೆ ಪೂರಾ ಬರೆಯಲು ಬರುತ್ತಿರಲಿಲ್ಲ. ಬಂದ ಮೇಲೂ ಇವತ್ತು ನಾಳೆ ಎಂದು ತಳ್ಳಿದಳು. ಅಷ್ಟು ಮಾತ್ರ ಅವಳ ತಪ್ಪೇ, ಬರವಣಿಗೆಯದಲ್ಲ.

ಈಗ ಹನ್ನೊಂದು ದಿನ.

ಗೋಡೆ ಮೆತ್ತುವುದನ್ನು ಮುಗಿಸಿ, ಅವಳು ಕುರುಗೋಡಿನ ಟಪಾಲು ಕಚೇರಿಗೆ ಹೋಗಿ ಒಂದು ಲಕೋಟೆ ತಂದಳು. ಕಾರ್ಡಾದರೆ ಕಟ್ಟೆಯ ಮೇಲೆ ಕೂತವರೆಲ್ಲ ಓದುತ್ತಾರೆ. ಒಲೆಯ ಮುಂದೆ, ಬೀಸುಕಲ್ಲಿನ ಮೇಲೆ ಹಲಗೆಯಿಟ್ಟು, ಮೂರು ದಿನ ಬರೆದಳು. ಒಂದು ಸಾಲು ಬರೆಯುವುದು, ಮುದ್ದೆ ತಿರುವುವುದು, ಇನ್ನೊಂದು ಸಾಲು.

'ಓಬಳೇಶನಿಗೆ ಅಕ್ಕ ಜಡೆಮ್ಮ ಮಾಡುವ ಆಶೀರ್ವಾದ. ಇದು ನನ್ನ ಕೈಯಿಂದ ಬರೆದದ್ದು. ಕಂಬ ನೀನು ಕೆಡವಲಿಲ್ಲ. ನಾನು ಕೆಡವಿದೆ. ಕೂಸಿಗೆ ನೆರಳು ಮಾಡಲು ಎಂಟು ದಿನ ಎರಡೂ ಕಡೆ ಬುಡ ಕೆರೆದೆ. ಗಡಿಗೆ ಇಟ್ಟೆ. ಅದು ನನಗೆ ಅವತ್ತೇ ಗೊತ್ತಿತ್ತು. ಹೇಳಲಿಲ್ಲ. ನೀನು ನನ್ನ ಕಡೆ ನೋಡಿದಾಗಲೂ ಹೇಳಲಿಲ್ಲ. ನೀನು ಊರಿಗೆ ಬಾ.'

ಇಷ್ಟಕ್ಕೆ ಬಂದು ಕೈ ನಿಂತಿತು. ಬಾ ಎಂದರೆ ಎಲ್ಲಿಗೆ ಬರುತ್ತಾನೆ? ಗಾದೆಪ್ಪನ ಮಾತು ಇಲ್ಲಿ ಹಾಗೇ ನಿಂತಿದೆ. ಅವನು ಬಂದರೆ ಕಟ್ಟೆಯ ಮೇಲಿನವರು ಹಳಹಳಿಸುತ್ತಾರೆ, ಕೆಲಸ ಯಾರು ಕೊಡುತ್ತಾರೆ? ತಮ್ಮನಿಗೊಬ್ಬನಿಗೆ ಗುಟ್ಟಾಗಿ ಹೇಳಿದರೆ ತನ್ನ ಎದೆ ಹಗುರಾದೀತು, ಅವನ ಹೆಸರು ಹಗುರಾಗುವುದಿಲ್ಲ. ಅವಳು ಕಾಗದವನ್ನು ಲಕೋಟೆಯೊಳಗಿಟ್ಟು, ಅಂಟಿಸದೆ, ಬುತ್ತಿಯ ಗಂಟಿನಲ್ಲಿ ಕಟ್ಟಿಕೊಂಡಳು. ಊರಮ್ಮನನ್ನು ಹುಲುಗಮ್ಮನ ಮಡಿಲಿಗೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದಳು. ಗಾದೆಪ್ಪನ ಗುಂಪು ಈಗ ಸಿರುಗುಪ್ಪದ ಕಡೆ ಅಗೆಯುತ್ತಿತ್ತು. ಎರ್ರಣ್ಣನೂ ಅಲ್ಲೇ ಇದ್ದ. ಈ ಮಾತು ಹೊರಗೆ ಬಂದರೆ ಅವನ ಸಲಿಕೆಯೂ ಹೋದೀತು ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಬಸ್ಸಿನಲ್ಲಿ ಗಂಡಸರು ಬಳ್ಳಾರಿ ಮೈಸೂರಿಗೆ ಸೇರುತ್ತದೋ ಆಂಧ್ರಕ್ಕೋ ಎಂದು ಕಿತ್ತಾಡುತ್ತಿದ್ದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಅವಳು ಗಂಟನ್ನು ಹಿಡಿದುಕೊಂಡು ಕಿಟಕಿಯ ಹೊರಗೆ ನೋಡಿದಳು. ಕರಿ ಹೊಲದ ನಡುವೆ ಹೊಸ ಕಾಲುವೆ ಬರಿದಾಗಿ ಬಾಯಿ ತೆರೆದುಕೊಂಡಿತ್ತು. ಬರುವ ಮಳೆಗಾಲಕ್ಕೆ ನೀರು ಬಿಡುತ್ತಾರಂತೆ.

ಅವಳು ತಲುಪಿದಾಗ ಗುಂಪು ಊಟಕ್ಕೆ ಕೂತಿತ್ತು. ಅಗೆದ ಗುಂಡಿಯ ನಡುವೆ ಎರಡು ಸಾಕ್ಷಿಕಂಬ. ಒಂದರ ನೆರಳಿನಲ್ಲಿ ಗಾದೆಪ್ಪ ಬೆನ್ನು ಕೊಟ್ಟು ಕೂತಿದ್ದ. ಮುಪ್ಪು ಬಂದು ಮೀಸೆ ಬೆಳ್ಳಗಾಗಿತ್ತು, ದನಿ ಮಾತ್ರ ಹಾಗೇ ಇತ್ತು.

"ಓಹೋ, ಸಾಲಿ ಕಲ್ತೋರು ಬಂದ್ರು! ಏನವ್ವ, ನಮ್ಮ ಹಾಜರಿ ಬರಕೊಳ್ಳಾಕ ಬಂದಿಯೇನು?"

"ಇಲ್ಲ ಮಾವಾ. ಓಬಳೇಶಗ ಬರದ ಕಾಗದದ ಮಾತು ಹೇಳಾಕ ಬಂದೀನಿ. ಎಲ್ಲಾರೂ ಕೇಳ್ರಿ."

ಎರ್ರಣ್ಣ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಅವಳು ನಿಂತೇ ಹೇಳಿದಳು. ಕಾಗದದಲ್ಲಿ ಬರೆದ ಹಾಗೇ ಹೇಳಿದಳು; ಮೂರು ದಿನ ಬರೆದ ಮಾತಾದ್ದರಿಂದ ತೊದಲಲಿಲ್ಲ. ಗಡಿಗೆಯ ಗುರುತನ್ನು ತುಳಿದು ಪುಡಿ ಮಾಡಿದ್ದನ್ನೂ ಹೇಳಿದಳು, ಅದು ಕಾಗದದಲ್ಲಿ ಇರಲಿಲ್ಲ.

ಕೊಟ್ರಬಸಮ್ಮ ಎಂಬ ಹಳೆಯ ಹೆಂಗಸು, ಆಗಿನಿಂದಲೂ ಗುಂಪಿನಲ್ಲಿದ್ದವಳು, ಮೊದಲು ಬಾಯಿ ತೆರೆದಳು. "ಅಯ್ಯ, ಅದೊಂದು ದೊಡ್ಡದೇನಬೇ? ನನ್ನ ಗಡಿಗಿನೂ ಆ ಗೂಡಿನಾಗೇ ಇಡ್ತಿದ್ದೆ. ಎಲ್ಲಾರೂ ಇಡ್ತಿದ್ವಿ. ಎಲ್ಲಾರೂ ಕೆಡವೀವಿ ಅಂತ ಬರಿ."

"ನೀವು ಇಟ್ರಿ. ಕೆರೆದಾಕಿ ನಾನು," ಎಂದಳು ಜಡೆಮ್ಮ.

"ಐದು ವರ್ಷ!" ಗಾದೆಪ್ಪ ಗುಡುಗಿದ. "ಐದು ವರ್ಷ ಬಾಯಾಗ ಏನಿಟ್ಕೊಂಡಿದ್ದಿ? ನನ್ನ ಬಾಯಿಂದ ಒಬ್ಬ ಹುಡುಗನ ಅನ್ನ ಹೋತಲ್ಲ!"

"ಹೆದರಿಕಿ ಇತ್ತು ಮಾವಾ. ಈಗೂ ಐತಿ."

ಗಾದೆಪ್ಪ ಬಯ್ಯಲು ಎದ್ದ. ಎದ್ದವನು, ತಾನು ಇಷ್ಟು ಹೊತ್ತು ಒರಗಿದ್ದ ಕಂಬದ ಕಡೆ ತಿರುಗಿದ. ಬುಡದಲ್ಲಿ ಅವನ ಬೆನ್ನಿನ ಅಗಲಕ್ಕೆ ಮಣ್ಣು ನುಣ್ಣಗೆ ಸವೆದು, ತೊಟ್ಟಿಲಿನ ಹಾಗೆ ತಗ್ಗಾಗಿತ್ತು. ದಿನಾ ಊಟದ ಹೊತ್ತಿಗೆ ಅವನು ಒರಗುತ್ತಿದ್ದ ಜಾಗ. ಅವನು ಬಗ್ಗಿ ಆ ತಗ್ಗಿನೊಳಗೆ ಕೈಯಾಡಿಸಿದ. ಒಂದಿಷ್ಟು ಮಣ್ಣು ಉದುರಿತು. ಅವನು ಮತ್ತೆ ಅಲ್ಲಿ ಕೂರಲಿಲ್ಲ. ಬಿಸಿಲಿನಲ್ಲೇ ಕುಕ್ಕರಿಸಿದ.

"ಅವ ಆಡಿದ ಮಾತಿಗಿ ನನಗ ಸಿಟ್ಟು ಬಂದಿತ್ತು," ಎಂದ, ಈ ಸಲ ಮೆಲ್ಲಗೆ. "ಮರುದಿನ ಕಂಬ ಬಿದ್ದಿತ್ತು. ಎರಡೂ ಕೂಡಿಸಿಬಿಟ್ಟೆ. ಮೂವತ್ತು ವರ್ಷ ಮಣ್ಣಿನಾಗ ಇದ್ದಾಂವ, ಬುಡ ನೋಡಲಿಲ್ಲ ನಾನು." ಆಮೇಲೆ ತಲೆ ಎತ್ತಿದ. "ಆದ್ರ ನಿನ್ನ ಮಾತು ಖರೇ ಅಂತ ಹೆಂಗ ನಂಬಲಿ? ತಮ್ಮನ್ನ ಉಳಿಸ್ಕೊಳ್ಳಾಕ ಹೇಳ್ತಿರಬೌದು ನೀನು."

"ಆಣಿ ಮಾಡ್ತೀನಿ."

ಸಾಕ್ಷಿಕಂಬ ಅವಳಿಗಿಂತ ಎತ್ತರವಿತ್ತು. ಎರ್ರಣ್ಣ ಎದ್ದ. ಎಂಜಲು ಕೈ ತೊಳೆದು, ಎರಡು ಬುಟ್ಟಿಗಳನ್ನು ಬೋರಲು ಹಾಕಿ ಒಂದರ ಮೇಲೊಂದಿಟ್ಟು, ಅಲುಗದಂತೆ ಹಿಡಿದುಕೊಂಡ. "ಹತ್ತು," ಎಂದ. ಅವಳು ಹತ್ತಿ, ನೆತ್ತಿಯ ಮೇಲಿನ ಒಣಹುಲ್ಲಿನ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಹುಲ್ಲು ಬೆಚ್ಚಗಿತ್ತು.

"ಕುರುಗೋಡಿನ ಕಂಬದ ಬುಡ ಕೆರೆದಾಕಿ ನಾನು. ನನ್ನ ತಮ್ಮ ಮುಟ್ಟಿಲ್ಲ."

"ಆತು. ಇಳಿ," ಎಂದ ಗಾದೆಪ್ಪ.

ಅವಳು ಇಳಿದು ನಿಂತಳು. ಗಾದೆಪ್ಪ ನೆಲದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದ, ಅಳಿಸಿದ.

"ನಿನ್ನನ್ನ ಗುಂಪಿನಿಂದ ಹೊರಗ ಹಾಕಿದ್ರ ನನ್ನೂ ಹಾಕಬೇಕಾಗತೈತಿ," ಎಂದ ಕೊನೆಗೆ. "ಬಾ ಅಂತ ಬರಿ ಅವನಿಗಿ. ಅವ ಬಂದು ಎದುರು ನಿಂತಾಗ, ಈ ಮಂದಿ ಮುಂದ, ನನ್ನ ಮಾತು ನಾನು ಹಿಂದಕ್ಕ ತಗೋತೀನಿ. ಕಾಗದದಾಗ ಅಲ್ಲ. ಕಾಗದದಾಗ ಯಾರರ ಬರೀತಾರ. ಗುದ್ದಲಿ ಇನ್ನೂ ಐತೇನು ಅವಂದು?"

"ಐತಿ ಮಾವಾ. ಎಣ್ಣಿ ಹಚ್ಚಿ ಇಟ್ಟೀನಿ."

"ಹಂಗಾರ ಅದನ್ನೂ ಬರಿ."

ಆಮೇಲೆ ಅವನು ಎದ್ದು, ಇನ್ನು ಮೇಲೆ ಯಾರೂ ಕಂಬಕ್ಕೆ ಒರಗಕೂಡದು, ಗಡಿಗೆ ಇಡಕೂಡದು, ಚಪ್ಪರ ಹಾಕಿಕೊಳ್ಳಿ ಎಂದು ಎಲ್ಲರನ್ನೂ ಗದರಿಕೊಂಡ. "ಒರಗಿದಾಂವ ನೀನೇ ಅಲ್ಲೇನೋ ಮೇಸ್ತ್ರಿ," ಎಂದು ಕೊಟ್ರಬಸಮ್ಮ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಗಾದೆಪ್ಪನಿಗೂ ಕೇಳಿಸಿತು. ಅವನು ಕೇಳಿಸದವನಂತೆ ಸಲಿಕೆಗಳನ್ನು ಎಣಿಸತೊಡಗಿದ.

ಜಡೆಮ್ಮ ಗುಂಡಿಯ ದಂಡೆಯ ಮೇಲೆ ಕೂತು ಗಂಟು ಬಿಚ್ಚಿದಳು. ಬಾ ಎಂಬ ಮಾತಿನ ಕೆಳಗೆ ಇನ್ನು ನಾಲ್ಕು ಸಾಲು ಬರೆದಳು: 'ಗಾದೆಪ್ಪ ಮಾವ ಗುಂಪಿನ ಮುಂದೆ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ನಾನು ಇಲ್ಲಿನ ಸಾಕ್ಷಿಕಂಬದ ಮೇಲೆ ಆಣೆ ಮಾಡಿದೆ. ಆ ಕಂಬದ ಹುಲ್ಲು ಇದರಲ್ಲಿ ಇದೆ. ನಿನ್ನ ಗುದ್ದಲಿ ಮೂಲೆಯಲ್ಲಿದೆ.' ಇಳಿಯುವಾಗ ಅಂಗೈಗೆ ಅಂಟಿಕೊಂಡು ಬಂದಿದ್ದ ಒಂದು ಹುಲ್ಲುಕಡ್ಡಿಯನ್ನು ಮಡಿಸಿ ಕಾಗದದ ನಡುವೆ ಇಟ್ಟಳು.

ಎರ್ರಣ್ಣ ಬಂದು ಪಕ್ಕದಲ್ಲಿ ಕೂತ.

"ನನಗರ ಹೇಳಬೌದಾಗಿತ್ತು," ಎಂದ.

"ಹೌದು," ಎಂದಳು.

"ಅವನಿಗಿ ನಾನೂ ಒಂದೆರಡು ಮಾತು ಅಂದಿದ್ದೆ ಅವತ್ತು." ಅವನು ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದ. "ಇಲ್ಲಿ ಟಪಾಲಿಗೆ ಹಾಕಿದ್ರ ನಾಳಿ ಬಸ್ಸಿಗೆ ಹೊಂಡತೈತಿ. ಬಳ್ಳಾರಿಗಿ ಹೋದ್ರ ಇವತ್ತಿನ ಹುಬ್ಬಳ್ಳಿ ರೈಲಿಗೇ ಹಾಕಬೌದು, ಟಪಾಲು ಡಬ್ಬಿಗೇ. ನಡಿ, ನಾನೂ ಬರ್ತೀನಿ."

ಬಳ್ಳಾರಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಕೋಟೆಗುಡ್ಡದ ಒಂದು ಮಗ್ಗುಲು ಕೆಂಪಾಗಿ, ಇನ್ನೊಂದು ಮಗ್ಗುಲು ಆಗಲೇ ನೆರಳಾಗಿತ್ತು. ಸ್ಟೇಷನ್ನಿನ ಎದುರಿನ ಚಹದ ಅಂಗಡಿಯಲ್ಲಿ ಅನ್ನ ಬೇಯಿಸಿದ ಗಂಜಿಯನ್ನು ಬೇಡಿ ತಂದು ಎರ್ರಣ್ಣ ಲಕೋಟೆ ಅಂಟಿಸಿದ. ಅದರ ಗೋಂದು ಬುತ್ತಿಯ ತೇವಕ್ಕೆ ಹೋಗಿಬಿಟ್ಟಿತ್ತು. ಜಡೆಮ್ಮ ಅಂಗಡಿಯ ಬೆಂಚಿನ ಮೇಲಿಟ್ಟು ವಿಳಾಸ ಬರೆದಳು. ಹೆಸರು, ಧಕ್ಕೆಯ ಕೆಲಸದ ತಂಡ, ಊರು, ಕುಮಟೆ. ಎರ್ರಣ್ಣ ಅವಳ ಕೈ ಓಡುವುದನ್ನೇ ನೋಡುತ್ತಿದ್ದ.

"ಅದು ಕುಮಟೆ ಅಂತನೇನು?"

"ಹೂಂ."

"ಸಣ್ಣದೈತಿ."

ರೈಲು ಬಂತು. ಕೆಂಪು ಬಣ್ಣದ ಟಪಾಲು ಡಬ್ಬಿ ಎಂಜಿನ್ನಿನ ಹಿಂದೆಯೇ ಇತ್ತು. ಅದರ ಮೈಯಲ್ಲಿ, ಅವಳ ಎದೆಯ ಎತ್ತರಕ್ಕೆ, ಕಾಗದ ಹಾಕುವ ಸೀಳು ಇತ್ತು. ಒಳಗೆ ದೀಪದ ಕೆಳಗೆ ಒಬ್ಬಾತ ಕಾಗದಗಳನ್ನು ಗೂಡುಗೂಡಿಗೆ ಎಸೆಯುತ್ತಿದ್ದ. ಜಡೆಮ್ಮ ಲಕೋಟೆಯನ್ನು ಸೀಳಿಗೆ ಹಿಡಿದು, ಒಂದು ಸಲ ಬೆರಳಿನಿಂದ ಒತ್ತಿ ನೋಡಿದಳು. ಒಳಗೆ ಹುಲ್ಲುಕಡ್ಡಿ ಇತ್ತು. ಆಮೇಲೆ ಕೈ ಬಿಟ್ಟಳು.